ತೆಳು ಪದರದಲ್ಲಿ ಬೆಳಕನ್ನು ತಡೆದು ನಿಲ್ಲಿಸುವ ಪಾಡು

ಅಂಗಡಿ ಲೆಕ್ಕಕ್ಕೆ ಬಳಸುವ ಸೋಲಾರ್ ಕ್ಯಾಲ್ಕುಲೇಟರನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಮೇಲಿನ ಗಾಜಿನ ಪಟ್ಟಿ ಕೆಂಗಂದು ಬಣ್ಣಕ್ಕೆ ಹೊಳೆಯುತ್ತದೆ. ಅದನ್ನು ಮನೆಮನೆಯಾಗಿ ಸೀಳುವ ಕೂದಲೆಳೆಯಂಥ ಗೆರೆಗಳೂ ಕಾಣುತ್ತವೆ. ಆ ಕೆಂಪು ಬಳಿದದ್ದಲ್ಲ. ಒಳಗಿನ ಸಿಲಿಕಾನ್ ನೀಲಿ, ಹಸಿರು ಬೆಳಕನ್ನು ನುಂಗಿ, ಹಿಡಿಯಲಾಗದೆ ಬಿಟ್ಟ ಪಾಲು ಅದು. ತೆಳು ಪದರದ ಸೌರಕೋಶ ರೂಪಿಸುವವರ ದೊಡ್ಡ ತಲೆನೋವೂ ಅದೇ.

ಚಾವಣಿಯ ಪ್ಯಾನೆಲ್‌ಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿರುವುದು ಸುಮಾರು 150 ಮೈಕ್ರೊಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆ. ಆದರೆ ಅದಕ್ಕಾಗಿ 1,400 ಡಿಗ್ರಿ ದಾಟಿದ ಶಾಖದಲ್ಲಿ ಸಿಲಿಕಾನ್ ಕರಗಿಸಿ, ಗಟ್ಟಿ ಮಾಡಿ, ಕೊಯ್ಯಬೇಕು; ಕೊಯ್ಯುವಾಗ ಒಂದಷ್ಟು ಪುಡಿಯಾಗಿ ಹೋಗುತ್ತದೆ. ತೆಳು ಪದರದ ದಾರಿ ಬೇರೆ. ನಿರ್ವಾತ ಕೋಣೆಯಲ್ಲಿ ಗಾಜಿನ ಹಾಳೆಯಿಟ್ಟು, ಸಿಲೇನ್ ಅನಿಲ ಹರಿಸಿ, ಅದನ್ನು ವಿದ್ಯುತ್ತಿನಿಂದ ಪ್ಲಾಸ್ಮಾ ಮಾಡಿದರೆ ಸುಮಾರು 200 ಡಿಗ್ರಿಯಲ್ಲೇ ಸಿಲಿಕಾನ್ ಗಾಜಿನ ಮೇಲೆ ಕೂರುತ್ತದೆ. ಮೈಕ್ರೊಮೀಟರಿನ ಮೂರನೇ ಒಂದು ಭಾಗದಷ್ಟಾದರೆ ಸಾಕು. 1976ರಲ್ಲಿ ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಡೇವಿಡ್ ಕಾರ್ಲ್‌ಸನ್ ಮತ್ತು ಕ್ರಿಸ್ಟೋಫರ್ ವ್ರಾನ್ಸ್ಕಿ ಪ್ರಕಟಿಸಿದ ಇಂಥ ಕೋಶದ ದಕ್ಷತೆ ಶೇ. 2.4.

ಹಾಗಾದರೆ ಕೆಂಪು ಬೆಳಕನ್ನೂ ಹಿಡಿಯಲು ಪದರವನ್ನು ದಪ್ಪ ಮಾಡಬಾರದೇ? ಅಲ್ಲೇ ತೊಡಕು. ಈ ಸಿಲಿಕಾನ್‌ನಲ್ಲಿ ಪರಮಾಣುಗಳ ಜೋಡಣೆ ಅಸ್ತವ್ಯಸ್ತ. ಬಿಸಿಲು ತಾಗಿದಷ್ಟೂ ಅದರಲ್ಲಿ ದೋಷಗಳು ಹೆಚ್ಚುತ್ತವೆಂದು 1977ರಲ್ಲಿ ಸ್ಟೇಬ್ಲರ್ ಎಂಬ ಸಂಶೋಧಕ ಮತ್ತು ಇದೇ ವ್ರಾನ್ಸ್ಕಿ ತೋರಿಸಿದರು. ಪದರ ದಪ್ಪವಾದಷ್ಟೂ ಆ ನಷ್ಟ ಜಾಸ್ತಿ.

ಉಳಿದದ್ದು ಒಂದೇ ಉಪಾಯ: ಪದರ ತೆಳುವಾಗಿಯೇ ಇರಲಿ, ಅದರೊಳಗೆ ಬೆಳಕಿನ ಓಡಾಟ ಉದ್ದವಾಗಲಿ. ಅದಕ್ಕೆಂದೇ ಗಾಜಿಗೆ ಬಳಿದ ಪಾರದರ್ಶಕ ಟಿನ್ ಆಕ್ಸೈಡ್ ಅಥವಾ ಝಿಂಕ್ ಆಕ್ಸೈಡ್ ಪದರವನ್ನು ಬೇಕೆಂದೇ ಒರಟು ಮಾಡುತ್ತಾರೆ, ಹಿಂದೆ ಲೋಹದ ಕನ್ನಡಿ ಇಡುತ್ತಾರೆ. ಚದುರಿದ ಕಿರಣ ಓರೆಯಾಗಿ ಒಳನುಗ್ಗುತ್ತದೆ. ಲಂಬಕ್ಕೆ 17 ಡಿಗ್ರಿಗಿಂತ ಹೆಚ್ಚು ವಾಲಿದ ಕಿರಣ ಸಿಲಿಕಾನ್‌ನಿಂದ ಗಾಳಿಗೆ ದಾಟಲಾರದು, ಒಳಗೇ ಪುಟಿಯುತ್ತಿರಬೇಕು. ದುರ್ಬಲವಾಗಿ ಹೀರಲ್ಪಡುವ ಬೆಳಕಿನ ಹಾದಿಯನ್ನು ಹೀಗೆ ಹೆಚ್ಚೆಂದರೆ ಸುಮಾರು 50 ಪಟ್ಟು ಹಿಗ್ಗಿಸಬಹುದೆಂದು 1982ರಲ್ಲಿ ಎಲಿ ಯಾಬ್ಲೊನೊವಿಚ್ ಲೆಕ್ಕ ಹಾಕಿ ತೋರಿಸಿದರು. ಸೊಗಸಾದ ಲೆಕ್ಕ, ಆದರೆ ಕಾರ್ಖಾನೆಯಲ್ಲಿ ಅಷ್ಟು ದಕ್ಕುವುದಿಲ್ಲ. ಒರಟುತನ ಚೂಪಾದರೆ ಅದರ ಮೇಲೆ ಬೆಳೆಯುವ ಸಿಲಿಕಾನ್‌ನಲ್ಲಿ ಬಿರುಕು ಬಿದ್ದು ವೋಲ್ಟೇಜ್ ಇಳಿಯುತ್ತದೆ. ನುಣುಪಾದರೆ ಕೆಂಪು ಬೆಳಕು ಮತ್ತೆ ಕೈತಪ್ಪುತ್ತದೆ. ಕೆಳಗೆ ಸೂಕ್ಷ್ಮ ಹರಳುಗಳ ಇನ್ನೊಂದು ಸಿಲಿಕಾನ್ ಪದರ ಜೋಡಿಸಿ, ಕೆಂಪನ್ನು ಅದಕ್ಕೆ ಒಪ್ಪಿಸಿದ ಜೋಡಿಕೋಶ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ.

ಆದರೂ ಮಾರುಕಟ್ಟೆ ಕೈಕೊಟ್ಟಿತು. 2008ರಲ್ಲಿ ಕಿಲೋಗೆ 400 ಡಾಲರ್ ದಾಟಿದ್ದ ಶುದ್ಧ ಸಿಲಿಕಾನ್ ಕೆಲವೇ ವರ್ಷಗಳಲ್ಲಿ 20 ಡಾಲರ್ ಆಸುಪಾಸಿಗೆ ಕುಸಿಯಿತು. ಸಿಲಿಕಾನ್ ಉಳಿಸುವುದೇ ಬಂಡವಾಳವಾಗಿದ್ದ ತಂತ್ರಕ್ಕೆ ಅದು ದೊಡ್ಡ ಪೆಟ್ಟು. 5.7 ಚದರ ಮೀಟರಿನ ದೈತ್ಯ ಗಾಜುಗಳ ಮೇಲೆ ಪದರ ಕೂರಿಸುವ ಯಂತ್ರಸಾಲು ಮಾರುತ್ತಿದ್ದ ಅಪ್ಲೈಡ್ ಮೆಟೀರಿಯಲ್ಸ್ 2010ರಲ್ಲೇ ಆ ವ್ಯಾಪಾರದಿಂದ ಹಿಂದೆ ಸರಿಯಿತು.

ಕಲಿತ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. ಜಪಾನಿನ ಸಾನ್ಯೊ ಕಂಪನಿ ಅದೇ ಅಸ್ತವ್ಯಸ್ತ ಸಿಲಿಕಾನನ್ನು ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ಹರಳು ಬಿಲ್ಲೆಯ ಎರಡೂ ಮುಖಕ್ಕೆ ಹೊದಿಸಿತು. ಬಿಲ್ಲೆಯ ಮೇಲ್ಮೈಯಲ್ಲಿ ಸೋರಿಹೋಗುತ್ತಿದ್ದ ಎಲೆಕ್ಟ್ರಾನ್‌ಗಳಿಗೆ ಆ ಹೊದಿಕೆ ತಡೆಯಾಯಿತು. ಇದೇ ವಿಧಾನ ಹಿಡಿದು 2017ರಲ್ಲಿ ಜಪಾನಿನದೇ ಕನೆಕಾ ಕಂಪನಿ ಶೇ. 26.7 ದಕ್ಷತೆ ಮುಟ್ಟಿತು.