ಲೇಸರ್ ಯಂತ್ರದ ಹೊಗೆಗೆ ಎಂಥ ಫ್ಯಾನು ಬೇಕು?

ಹತ್ತಿ, ಬಟ್ಟೆ, ಎಣ್ಣೆಕಾಳು ವ್ಯಾಪಾರದಲ್ಲಿ ಬೆಳೆದ ಆದವಾನಿ ಕಡೆಯ ನಮ್ಮ ಮನೆಗಳ ಕೆಲವು ಹುಡುಗರು ಈಗ ಲಗ್ನಪತ್ರಿಕೆ, ನಾಮಫಲಕ, ನೆನಪಿನ ಕಾಣಿಕೆಗಳನ್ನು ಲೇಸರ್ ಯಂತ್ರದಲ್ಲಿ ಕೊರೆದು ಮಾರುತ್ತಿದ್ದಾರೆ. ಸಂತೋಷದ ಮಾತು. ಆದರೆ ಯಂತ್ರ ಕೂರುವುದು ಮನೆಯ ಮಾಳಿಗೆಯ ಕೋಣೆಯಲ್ಲಿ, ಪಕ್ಕದಲ್ಲೇ ಮಕ್ಕಳು ಮಲಗುತ್ತಾರೆ. ಸಾಲ ಮಾಡಿ ಯಂತ್ರ ತಂದವರು ಹೊಗೆ ತೆಗೆಯುವ ಫ್ಯಾನಿನ ಲೆಕ್ಕ ಬಂದಾಗ ಕೈ ಬಿಗಿ ಮಾಡುತ್ತಾರೆ.

ಲೇಸರ್ ಕೊರೆಯುವುದೆಂದರೆ ಸುಡುವುದೇ. ಅಕ್ರಿಲಿಕ್ ಘಾಟು ಮೂಗಿಗೆ ಬಡಿಯುತ್ತದೆ. ಎಂಡಿಎಫ್ ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತದೆ, ಅದು ಕ್ಯಾನ್ಸರ್‌ಕಾರಕ. ಪಿ.ವಿ.ಸಿ. ಹಾಳೆಯನ್ನೂ ಪಿ.ವಿ.ಸಿ. ಲೇಪದ ರೆಕ್ಸಿನ್ನನ್ನೂ ಯಂತ್ರಕ್ಕೆ ಹಾಕಲೇಬಾರದು. ಅದರಿಂದ ಬರುವ ಆಮ್ಲದ ಅನಿಲ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಗಿರಾಕಿ ಎಷ್ಟೇ ಒತ್ತಾಯಿಸಲಿ, ಆ ಆರ್ಡರು ಬೇಡ.

ಹೆಚ್ಚಿನವರು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನೇ ತಂದು ಕೂರಿಸುತ್ತಾರೆ. ಗೋಡೆಯ ತೂತಿನಲ್ಲಿ ಅದು ಚೆನ್ನಾಗಿ ತಿರುಗುತ್ತದೆ, ಆದರೆ ಉದ್ದನೆಯ ಪೈಪು ಜೋಡಿಸಿದೊಡನೆ ಅದರ ಶಕ್ತಿ ಉಡುಗುತ್ತದೆ. ಪೈಪಿನ ತಡೆಯನ್ನು ಎದುರಿಸಿ ಗಾಳಿ ಎಳೆಯುವುದು ಬ್ಲೋವರ್. ಅಂಗಡಿಯಲ್ಲಿ ತೋರಿಸುವ ಸಿ.ಎಫ್.ಎಂ. ಅಂಕಿ ಸಾಮಾನ್ಯವಾಗಿ ಪೈಪಿಲ್ಲದೆ ಅಳೆದದ್ದು. ಎಷ್ಟು ಮಿಲಿಮೀಟರ್ ನೀರಿನ ಒತ್ತಡಕ್ಕೆ ಎಷ್ಟು ಗಾಳಿ ಕೊಡುತ್ತದೆಂದು ಕೇಳಿ. ಉತ್ತರ ಕೊಡದ ಅಂಗಡಿಯಿಂದ ಮುಂದಕ್ಕೆ ನಡೆಯಿರಿ.

ಪೈಪಿನಲ್ಲಿ ಉಳಿತಾಯ ಬೇಡ. 4 ಇಂಚಿನ ಪೈಪಿಗಿಂತ 6 ಇಂಚಿನದರ ಬಾಯಿ ಎರಡೂಕಾಲು ಪಟ್ಟು ದೊಡ್ಡದು. ಅಷ್ಟೇ ಗಾಳಿ ಹರಿಸಲು ತಡೆ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸುಕ್ಕುಸುಕ್ಕಾದ ಸ್ಪ್ರಿಂಗ್ ಪೈಪನ್ನು ಗಿಡ್ಡವಾಗಿ ಬಳಸಿ, ತಿರುವು ಕಡಿಮೆ ಮಾಡಿ. ಬ್ಲೋವರನ್ನು ಯಂತ್ರದ ಪಕ್ಕದಲ್ಲಿಡದೆ ಪೈಪು ಹೊರಬೀಳುವ ಕಡೆ ಕೂರಿಸಬೇಕು. ಆಗ ಕೋಣೆಯೊಳಗಿನ ಪೈಪು ಎಲ್ಲಿ ಬಿರುಕು ಬಿಟ್ಟರೂ ಗಾಳಿ ಒಳಕ್ಕೆ ಸೇರುತ್ತದೆಯೇ ಹೊರತು ಹೊಗೆ ಹೊರಕ್ಕೆ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ಸಂಜೆ ದೀಪಕ್ಕೆ ಹುಳು ಬಂದು ಬೀಳಬಾರದೆಂದು ಕಿಟಕಿ ಮುಚ್ಚುವುದು ವಾಡಿಕೆ. ಮುಚ್ಚಿದ ಕೋಣೆಯಿಂದ ಬ್ಲೋವರ್ ಯಾವ ಗಾಳಿ ಎಳೆದೀತು? ಯಂತ್ರದ ಎದುರಿನ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ ತೆರೆದಿಡಿ, ಇಲ್ಲವೆ ಕೆಲಸವನ್ನು ಹಗಲಿಗೇ ಮುಗಿಸಿ. ನನಗಂತೂ ಎರಡನೆಯದೇ ಮೇಲು ಎನಿಸುತ್ತದೆ. ಮದುವೆ ಕಾಲದ ಆರ್ಡರುಗಳು ಕೇಳಬೇಕಲ್ಲ!

ಹಳೆಯ ಬಜಾರಿನ ಓಣಿಗಳು ಇಕ್ಕಟ್ಟು. ಪೈಪಿನ ಬಾಯಿ ನೆರೆಯವರ ಕಿಟಕಿಗೆ ಎದುರಾದರೆ ನಾವು ತಪ್ಪಿಸಿಕೊಂಡ ಹೊಗೆಯನ್ನು ಅವರು ಕುಡಿಯುತ್ತಾರೆ. ಮಾಳಿಗೆಯ ಮೇಲಕ್ಕೆ ಒಯ್ಯಿರಿ, ಮಳೆ ಬೀಳದಂತೆ ಟೋಪಿ ಹಾಕಿಸಿ. ಹತ್ತಿಯ ಗೋದಾಮು ಹತ್ತಿರವಿದ್ದರೆ ಅತ್ತ ತಿರುಗಿಸಲೇಬೇಡಿ.

ಕೂರಿಸಿದ ಮೇಲೆ ಪರೀಕ್ಷೆ ಸುಲಭ. ಬ್ಲೋವರ್ ಹಾಕಿ, ಯಂತ್ರದ ಮುಚ್ಚಳದ ಸಂದಿಯ ಬಳಿ ಊದುಬತ್ತಿ ಹಿಡಿಯಿರಿ. ಸುತ್ತಲೂ ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಕೊರೆಯುವುದು ಮುಗಿದ ಮೇಲೂ ಕೆಲವು ನಿಮಿಷ ಬ್ಲೋವರ್ ಓಡಲಿ, ಆಮೇಲೆ ಮುಚ್ಚಳ ತೆರೆಯಿರಿ. ತಿಂಗಳಿಗೊಮ್ಮೆ ಕರೆಂಟು ತೆಗೆದು ಅದರ ಚಕ್ರಕ್ಕೆ ಅಂಟಿದ ಮಸಿಯನ್ನು ಒರೆಸಿ, ಮತ್ತೆ ಊದುಬತ್ತಿ ಹಿಡಿದು ನೋಡಿ.