ಮೆದುಳಿನ ರಕ್ತಸ್ರಾವ: ಮುನ್ನಂದಾಜಿನ ಅಂಕಗಳ ಅರ್ಥ

ಉಲ್ಲಾಳ, ಕೆಂಗೇರಿ ಭಾಗದಿಂದ ಮೆದುಳಿನ ರಕ್ತಸ್ರಾವವಾದವರನ್ನು ನಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಒಯ್ದಾಗ ಕುಟುಂಬದವರು ಮೊದಲು ಕೇಳುವುದು ‘ಬದುಕುವರೇ?’ ಎಂದು. ಇದನ್ನು ಅಂದಾಜಿಸಲು ವೈದ್ಯರು 2001ರಲ್ಲಿ ಪ್ರಕಟವಾದ ಅಂಕಪಟ್ಟಿಯೊಂದನ್ನು ಬಳಸುವುದುಂಟು. ಪ್ರಜ್ಞೆ ಕುಂದಿದ್ದಕ್ಕೆ ಗರಿಷ್ಠ 2 ಅಂಕ. 30 ಮಿಲಿಲೀಟರ್ ಅಥವಾ ಹೆಚ್ಚಿನ ಸ್ರಾವ, ಮೆದುಳಿನ ಒಳಕುಹರಗಳಿಗೆ ರಕ್ತ ಹರಿದಿರುವುದು, ಕಿರುಮೆದುಳು ಅಥವಾ ಮೆದುಳುಕಾಂಡದ ಸ್ರಾವ, 80 ಅಥವಾ ಮೀರಿದ ವಯಸ್ಸು, ಇವಕ್ಕೆ ತಲಾ 1. ಅಂಕ ಏರಿದಂತೆ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆಯೂ ಏರುತ್ತದೆ.

ಆದರೆ ಈ ಲೆಕ್ಕ ಹಿಂದಿನ ರೋಗಿಗಳ ಗುಂಪಿನದು; ಅದರಲ್ಲಿ ಚಿಕಿತ್ಸೆಯನ್ನು ಬೇಗನೆ ಕೈಬಿಡಲಾದವರೂ ಸೇರಿದ್ದಾರೆ. ಆದುದರಿಂದ ಮೊದಲ ದಿನದ ಅಂಕವನ್ನಷ್ಟೇ ನೋಡಿ ರೋಗಿಯನ್ನು ಮನೆಗೆ ಕರೆತರುವ ಅವಸರ ಸಲ್ಲದು. ಸಲಹೆ ಕೇಳಿ ಬರುವ ಕುಟುಂಬಗಳಿಗೆ ಮಾನ್ಯ ಸದಸ್ಯರು ಇದನ್ನು ಮನವರಿಕೆ ಮಾಡಿಕೊಡುವುದು.