ಎರಡು ಸಲ ಹುಟ್ಟಿದ ಕಾರು

ನಮ್ಮ ತಂದೆಯವರದು ಲಾರಿಗಳಿಗೆ ಬಾಡಿ ಕಟ್ಟುವ ಷೆಡ್ಡು. ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇಟಲಿಯ ಓಟದ ಕಾರನ್ನು ಕುರಿತು ಬರೆಯಹೊರಟರೆ ಸಹಪಾಠಿಗಳು ನಗುವರೆಂದು ಬಲ್ಲೆ. ಆದುದರಿಂದ ಈ ಮಾತನ್ನು ಮೊದಲೇ ಹೇಳಿಬಿಟ್ಟೆ. ತಗಡು ಬಡಿಯುವ ಸದ್ದಿನಲ್ಲಿ ಬೆಳೆದವನಿಗೆ ಕಾರಿನ ಚರಿತ್ರೆಯೂ ಚರಿತ್ರೆಯೇ. ಅಲ್ಲದೆ ಈ ಕಾರಿನ ವಿಷಯದಲ್ಲಿ ನಮ್ಮ ಚರಿತ್ರೆಯ ಅಧ್ಯಾಪಕರು ದಿನವೂ ಕೇಳುವ ಪ್ರಶ್ನೆಯೇ ಎದುರಾಗುತ್ತದೆ: ಮೂಲ ಎಂದರೆ ಯಾವುದು?

ಕಾರಿನ ಹೆಸರು ಫೆರಾರಿ 375 ಎಂಎಂ. ಹೆಸರಿನಲ್ಲಿ ಗೂಢವೇನೂ ಇಲ್ಲ. ಎಂಜಿನ್ನಿನ ಒಂದೊಂದು ಸಿಲಿಂಡರಿನ ಅಳತೆ ಸುಮಾರು 375 ಘನ ಸೆಂಟಿಮೀಟರು, ಅಂತಹವು 12. ಎಲ್ಲ ಕೂಡಿದರೆ ನಾಲ್ಕೂವರೆ ಲೀಟರು, ಸುಮಾರು 340 ಅಶ್ವಶಕ್ತಿ. ಎಂಎಂ ಎಂದರೆ ಮಿಲ್ಲೆ ಮಿಲ್ಯಾ, ಅಂದರೆ ಸಾವಿರ ಮೈಲಿ. 1927ರಿಂದ 1957ರವರೆಗೆ ಬ್ರೆಷಿಯಾ ನಗರದಿಂದ ರೋಮಿಗೆ ಹೋಗಿ ಮರಳಿ ಬ್ರೆಷಿಯಾಕ್ಕೆ, ಸಾಮಾನ್ಯ ರಸ್ತೆಗಳ ಮೇಲೆಯೇ ನಡೆಯುತ್ತಿದ್ದ ಓಟದ ಹೆಸರು ಅದು.

1954ರಲ್ಲಿ ತಯಾರಾದ 0402 ಎಎಂ ಎಂಬ ಸಂಖ್ಯೆಯ ಕಾರನ್ನು ಕೊಂಡವನು ಚಲನಚಿತ್ರ ನಿರ್ದೇಶಕ ರೊಬೆರ್ಟೊ ರೊಸೆಲಿನಿ. ‘ರೋಮ್, ಓಪನ್ ಸಿಟಿ’ ಎಂಬ 1945ರ ಚಿತ್ರದಿಂದ ಜಗತ್ತಿಗೆ ಪರಿಚಿತನಾದವನು. ನಮಗೂ ಅವನು ತೀರ ಪರಕೀಯನಲ್ಲ. 1956ರ ಕೊನೆಯಲ್ಲಿ ಭಾರತಕ್ಕೆ ಬಂದು ಅವನು ತೆಗೆದ ‘ಇಂಡಿಯಾ: ಮಾತೃಭೂಮಿ’ ಎಂಬ ಚಿತ್ರದಲ್ಲಿ ನಮ್ಮ ಕಾರಾಪುರದ ಕಾಡಿನ ಆನೆಗಳೂ ಮಾವುತರೂ ಇದ್ದಾರೆ. ವೇಗದ ಹುಚ್ಚು ಅವನಿಗೆ ವಿಪರೀತ. 1953ರ ಮಿಲ್ಲೆ ಮಿಲ್ಯಾದಲ್ಲಿ ತಾನೇ ಫೆರಾರಿ ನಡೆಸಿದ್ದನು.

ಕಾರಿಗೆ ಮೊದಲು ಇದ್ದ ಬಾಡಿ ಪಿನಿನ್ ಫರಿನಾ ಸಂಸ್ಥೆ ಕಟ್ಟಿದ್ದು. ಮೇಲ್ಛಾವಣಿಯಿಲ್ಲದ, ಓಟಕ್ಕೆಂದೇ ಮಾಡಿದ ಸ್ಪೈಡರ್. ಹೆಚ್ಚು ಕಾಲ ಕಳೆಯುವ ಮುನ್ನವೇ ಅದು ಅಪಘಾತಕ್ಕೆ ಸಿಕ್ಕಿ ಜಖಂ ಆಯಿತು. ಬೇರೆಯವನಾಗಿದ್ದರೆ ಇದ್ದುದನ್ನೇ ನೆಟ್ಟಗೆ ಮಾಡಿಸುತ್ತಿದ್ದನೇನೋ. ರೊಸೆಲಿನಿ ಕಾರನ್ನು ಮೊಡೆನಾದ ಸೆರ್ಜಿಯೊ ಸ್ಕಾಲ್ಯೆಟ್ಟಿಯ ಕಾರ್ಯಾಗಾರಕ್ಕೆ ಕಳಿಸಿ, ಹೊಸ ಬಾಡಿಯನ್ನೇ ಹೊಲಿಸಿಕೊಂಡನು: ಮಾಡು ಮುಚ್ಚಿದ, ಬೂದುಬಣ್ಣದ ಕೂಪೆ. ‘ಹೊಲಿಸಿಕೊಂಡನು’ ಎಂದು ಬೇಕೆಂದೇ ಬರೆದೆ. ಸ್ಕಾಲ್ಯೆಟ್ಟಿ ನಕ್ಷೆಗಿಂತ ಕಣ್ಣನ್ನು ಹೆಚ್ಚು ನಂಬಿದ ಕಸಬುದಾರ; ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ತಗಡನ್ನಿಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ ಉಬ್ಬು ತರುತ್ತಿದ್ದನು. ಹಾಗೆ ಮಾಡಿದ ಎರಡು ಬಾಡಿಗಳು ತದ್ರೂಪವಾಗಿರುವುದು ಅಪರೂಪ. ಎಡಬಲದ ಮಡ್ಗಾರ್ಡುಗಳೂ ಕೂದಲೆಳೆಯಷ್ಟು ಬೇರೆಯಾಗುವುದುಂಟು. ನಮ್ಮ ಷೆಡ್ಡಿನಲ್ಲಿ ಇದನ್ನು ನಾನೇ ಅಳೆದು ನೋಡಿದ್ದೇನೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಇಂಗ್ರಿಡ್ ಬರ್ಗ್‌ಮನ್ ಆಗ ರೊಸೆಲಿನಿಯ ಪತ್ನಿ. ಆಕೆಯ ಹೆಸರಿಗೆ ಅಂಟಿಕೊಂಡ 375 ಎಂಎಂ ಬೇರೊಂದಿದೆ. ಅದು 0456 ಎಎಂ, ಪಿನಿನ್ ಫರಿನಾದವರೇ ಕಟ್ಟಿದ ಕೂಪೆ. ಎರಡನ್ನೂ ಒಂದೇ ಎಂದು ಬಗೆದು ಬರೆದವರಿದ್ದಾರೆ. ಬಾಯಿಮಾತಿಗಿಂತ ಚಾಸಿಯ ಮೇಲೆ ಕುಟ್ಟಿದ ಸಂಖ್ಯೆಯೇ ಇಲ್ಲಿ ಶಾಸನ. ಆ ಕಾಲದ ಫೆರಾರಿಯವರು ಓಟದ ಕಾರುಗಳಿಗೆ ಸಮಸಂಖ್ಯೆಯನ್ನೂ ರಸ್ತೆಯ ಕಾರುಗಳಿಗೆ ಬೆಸಸಂಖ್ಯೆಯನ್ನೂ ಕೊಡುತ್ತಿದ್ದರು. ನಮ್ಮ ಕಾರಿನದು ಸಮಸಂಖ್ಯೆ. ಹುಟ್ಟಿನಲ್ಲಿ ಓಟಗಾರ, ಮೈಯಲ್ಲಿ ಸವಾರಿಯ ಕಾರು.

ರೊಸೆಲಿನಿಯ ಕೈಬಿಟ್ಟ ಮೇಲೆ, 1960ರ ದಶಕದಲ್ಲಿ ಅದು ಸಿಸಿಲಿ ದ್ವೀಪಕ್ಕೂ, ಅನಂತರ ಪ್ಯಾರಿಸಿಗೂ ಹೋಯಿತು. ಪ್ಯಾರಿಸಿನಲ್ಲಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಕಳಚಿದ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 1995ರಲ್ಲಿ ಕೊಂಡವನು ಮೈಕ್ರೋಸಾಫ್ಟಿನ ಅಧ್ಯಕ್ಷನಾಗಿದ್ದ ಜಾನ್ ಷರ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅದರ ಜೀರ್ಣೋದ್ಧಾರ ನಡೆಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜೀರ್ಣೋದ್ಧಾರವೆಂದರೆ ಮೂಲಕ್ಕೆ ಮರಳಿಸುವುದು, ಯಾವ ಮೂಲಕ್ಕೆ? ಕಾರ್ಖಾನೆಯ ಬಾಗಿಲು ದಾಟಿದಾಗ ಇದ್ದುದೇ ಮೂಲವೆಂದರೆ ಸ್ಪೈಡರ್ ಬಾಡಿಯನ್ನು ಹೊಸದಾಗಿ ಕಟ್ಟಬೇಕು. ಬೇರೆ ಕೆಲವು ಹಳೆಯ ಕಾರುಗಳಿಗೆ ಹಾಗೆ ಮಾಡಿದ್ದೂ ಉಂಟು. ಆದರೆ ಅದು ನೆನ್ನೆಯ ತಗಡು; 1954ರ ಸುತ್ತಿಗೆಯ ಗುರುತು ಅದರಲ್ಲಿ ಒಂದೂ ಇರದು. ಸ್ಕಾಲ್ಯೆಟ್ಟಿಯ ಕೂಪೆಯಾದರೋ ಮೊದಲ ಒಡೆಯನೇ ಬೇಡಿ ಮಾಡಿಸಿದ್ದು, ಕಣ್ಣೆದುರಿಗೆ ಉಳಿದಿರುವುದು. ಕೂಪೆಯನ್ನೇ ಉಳಿಸಿದರು. ನಾನು ಒಪ್ಪುತ್ತೇನೆ. ತಂದೆಯವರನ್ನು ಕೇಳಿದಾಗ, “ಇರೋ ತಗಡನ್ನ ಬಿಟ್ಟು ಇಲ್ಲದ ತಗಡಿಗೆ ಯಾರಾದರೂ ಅಳ್ತಾರೇನೋ? ಇದನ್ನ ತಿಳಿಯೋಕೆ ಕಾಲೇಜಿಗೆ ಹೋಗ್ಬೇಕಾ?” ಎಂದರು.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಕಾರುಗಳ ಸೌಂದರ್ಯಸ್ಪರ್ಧೆಯಲ್ಲಿ, 2014ರಲ್ಲಿ ಈ ಕಾರಿಗೆ ಪರಮ ಬಹುಮಾನ ಬಂದಿತು. ಅಲ್ಲಿ ಆ ಗೌರವ ಪಡೆದ ಮೊದಲ ಫೆರಾರಿ ಇದು. ಎರಡನೆಯ ಮಹಾಯುದ್ಧದ ಅನಂತರದ ಕಾರೊಂದು ಗೆದ್ದದ್ದು 1968ರ ತರುವಾಯ ಅದೇ ಮೊದಲು.

ಒಂದು ಅಳುಕು ಮಾತ್ರ ನನ್ನಲ್ಲಿ ಉಳಿದಿದೆ. ಹೊಳಪು ಕೊಡುವಾಗ ಸಾಕ್ಷ್ಯವೂ ಕೆರೆದುಹೋಗುತ್ತದೆ. ನಮ್ಮ ಷೆಡ್ಡಿಗೆ ಬಂದ ಹಳೆಯ ಲಾರಿಯೊಂದರ ಹಣೆಯ ಬಣ್ಣ ಕೆರೆದಾಗ, ಒಂದರಡಿಯಲ್ಲೊಂದು ಮೂರು ದೇವರ ಹೆಸರುಗಳು ಕಂಡವು: ಮೂವರು ಒಡೆಯರ ಮೂರು ಮನೆದೇವರು. ಸಂಜೆಯೊಳಗೆ ಮೂರೂ ಪುಡಿಯಾಗಿ ನೆಲದ ಮೇಲಿದ್ದವು. ಫ್ರಾನ್ಸಿನ ಕೊಟ್ಟಿಗೆಯೊಂದರಲ್ಲಿ ಸಿಕ್ಕಿದ, ಒಮ್ಮೆ ನಟ ಆಲೆನ್ ಡೆಲೋನನದಾಗಿದ್ದ ಫೆರಾರಿಯನ್ನು 2015ರಲ್ಲಿ ಧೂಳಿನ ಸಮೇತ ಪ್ಯಾರಿಸಿನಲ್ಲಿ ಹರಾಜು ಹಾಕಿದಾಗ, 1 ಕೋಟಿ 60 ಲಕ್ಷ ಯೂರೋಗಿಂತ ಹೆಚ್ಚು ಬಂದಿತು. ಧೂಳಿಗೂ ಬೆಲೆಯುಂಟೆಂದು ಜನ ಬಲ್ಲರು. ಆದರೆ ಬಿಡಿಬಿಡಿಯಾಗಿ ಬಿದ್ದ ಕಾರಿಗೆ ಆ ದಾರಿ ಇರಲಿಲ್ಲ, ಜೋಡಿಸಲೇಬೇಕಾಗಿತ್ತು.

ಕೂಪೆಯ ಚಿತ್ರವನ್ನು ತಂದೆಯವರಿಗೆ ತೋರಿಸಿದೆ. ಕನ್ನಡಕವೇರಿಸಿ, ಹಿಂಬದಿಯ ಮಡ್ಗಾರ್ಡಿನ ಅಂಚಿನುದ್ದಕ್ಕೂ ಬೆರಳಾಡಿಸಿ, “ಒಳ್ಳೇ ಕೈ” ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟರು.